ಜೋಳ ಕೇಳಿದರೆ ಬೇರೆ ಜೋಳದ ರೇಟ್ ಹೇಳುತ್ತಿದೆ ನಮ್ಮ ಏಜೆಂಟ್: ತಪ್ಪು ಮಾಡೆಲ್‌ದಾ, ನಾವು ಕೊಟ್ಟ ಟೂಲ್‌ದಾ?

ಮಂಡಿಪೇಟೆ_ಹುಡುಗ

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ದಾವಣಗೆರೆಯಲ್ಲಿ ನಾಲ್ಕು ಜನ ಸೇರಿ ನಡೆಸುವ ಸಣ್ಣ ಸಾಫ್ಟ್‌ವೇರ್ ಆಫೀಸು ನಮ್ಮದು. ಬಿಲ್ಲಿಂಗ್, ಜಿಎಸ್‌ಟಿ, ಸ್ಟಾಕ್, ಇಂಥವೇ ಕೆಲಸ. ಈಗ ಎಪಿಎಂಸಿಯ ಒಂದು ದಲ್ಲಾಳಿ ಅಂಗಡಿಗೆ ವಾಟ್ಸಾಪ್‌ನಲ್ಲಿ ಉತ್ತರ ಕೊಡುವ ಎಐ ಏಜೆಂಟ್ ಮಾಡಿಕೊಟ್ಟಿದ್ದೇವೆ. ರೈತರು ರೇಟ್ ಕೇಳುತ್ತಾರೆ, ನನ್ನ ಲಾಟ್ (ಮಾರಾಟಕ್ಕೆ ತಂದಿಟ್ಟ ಮಾಲು) ಟೆಂಡರ್ ಆಯ್ತಾ ಅಂತ ಕೇಳುತ್ತಾರೆ, ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಕಳಿಸಿ ಅನ್ನುತ್ತಾರೆ. ಮೊದಲು ಮಾಲೀಕರ ಮಗ ಕೂತು ಇದಕ್ಕೆಲ್ಲ ಟೈಪ್ ಮಾಡುತ್ತಿದ್ದ. ಅವನ ಕೈನೋವು ನೋಡಲಾಗದೆ ಏಜೆಂಟ್ ಬಂತು ಅನ್ನಿ.

ಡೆಮೊ ದಿನ ಎಲ್ಲ ಚೆನ್ನಾಗಿತ್ತು. ಆಮೇಲೆ ಶುರುವಾಯಿತು. ಒಬ್ಬ ರೈತರು "ಇವತ್ತು ಜೋಳ ಏನ್ರೀ ರೇಟು" ಅಂತ ಕೇಳಿದರು. ನಮ್ಮ ಕಡೆ ಮಂಡಿಯಲ್ಲಿ ನಿಂತು ಜೋಳ ಅಂದರೆ ಮೆಕ್ಕೆಜೋಳವೇ, ಯಾರೂ 'ಮೆಕ್ಕೆ' ಸೇರಿಸಿ ಹೇಳುವ ಗೋಜಿಗೆ ಹೋಗುವುದಿಲ್ಲ. ಏಜೆಂಟ್ ರೊಟ್ಟಿ ಜೋಳದ ರೇಟ್ ಕೊಟ್ಟಿತು. ಎರಡಕ್ಕೂ ಎಷ್ಟು ವ್ಯತ್ಯಾಸ ಗೊತ್ತಲ್ವಾ? ಬೆಂಬಲ ಬೆಲೆಯನ್ನೇ ನೋಡಿ, 2025-26ರಲ್ಲಿ ಮೆಕ್ಕೆಜೋಳಕ್ಕೆ ಕ್ವಿಂಟಲ್‌ಗೆ 2,400, ಹೈಬ್ರಿಡ್ ಜೋಳಕ್ಕೆ 3,699. ಅವರು ಟ್ರ್ಯಾಕ್ಟರ್ ತುಂಬಿಸಿಕೊಂಡು ಬಂದೇಬಿಟ್ಟರು. ಅಂಗಡಿ ಮುಂದೆ ಆದ ಮಾತುಕತೆ ಇಲ್ಲಿ ಬರೆಯುವಂಥದ್ದಲ್ಲ.

ಎರಡನೆಯದು, ಮಾರುಕಟ್ಟೆ ರಜೆ ಇದ್ದ ದಿನ ಟೂಲ್ (ಮಾಹಿತಿ ತರಲು, ಕೆಲಸ ಮಾಡಿಸಲು ಏಜೆಂಟ್ ಕರೆಯುವ ಪ್ರೋಗ್ರಾಂ) ಖಾಲಿ ಲಿಸ್ಟ್ ಕೊಟ್ಟಿದೆ. ಏಜೆಂಟ್ ಸುಮ್ನಿರದೆ ಹಿಂದಿನ ಮೆಸೇಜ್‌ನಲ್ಲಿದ್ದ ರೇಟನ್ನೇ ಇವತ್ತಿನದು ಅಂತ ಹೇಳಿದೆ. ಮೂರನೆಯದು ಜಾಸ್ತಿ ಭಯ ಹುಟ್ಟಿಸಿದ್ದು. ಪಟ್ಟಿ ಮಾಡುವ ಟೂಲ್ ಟೈಮ್‌ಔಟ್ ಆಯಿತು (ಹೊತ್ತಿಗೆ ಸರಿಯಾಗಿ ಉತ್ತರ ಬರಲಿಲ್ಲ), ಏಜೆಂಟ್ ಮತ್ತೆ ಕರೆಯಿತು, ಒಂದೇ ಲಾಟ್‌ಗೆ ಎರಡು ಪಟ್ಟಿ.

ಒಟ್ಟು 23 ಟೂಲ್ ಇವೆ. ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್‌ನ ಎಪಿಐಗಳನ್ನೇ ಎಂಸಿಪಿ (ಮಾಡೆಲ್‌ಗೆ ಟೂಲ್ ಜೋಡಿಸುವ ಒಂದು ಸಾಮಾನ್ಯ ವಿಧಾನ) ಸರ್ವರ್ ಒಳಗೆ ಸುತ್ತಿ ಕೊಟ್ಟಿದ್ದೇವೆ. 'ಗೆಟ್_ರೇಟ್', 'ಗೆಟ್_ಪ್ರೈಸ್', 'ರೇಟ್_ನ್ಯೂ' ಅಂತ ಮೂರಿವೆ, ಯಾವುದು ಯಾಕೆ ಅಂತ ನನಗೂ ಕೋಡ್ ತೆಗೆದು ನೋಡಿದರೇ ಗೊತ್ತಾಗುವುದು. ವಿವರಣೆ ಅಂತ ಒಂದೊಂದು ಸಾಲು ಇದೆ, "ರೇಟ್ ಕೊಡುತ್ತದೆ" ಅಷ್ಟೇ. ಏಜೆಂಟ್‌ಗೆ ದುಬಾರಿ ಎಐ ಮಾಡೆಲ್ ಹಾಕಿ ನೋಡಿದೆವು. ಜೋಳದ ತಪ್ಪು ಕಡಿಮೆ ಆಯಿತು, ಹೋಗಲಿಲ್ಲ. ಎರಡು ಪಟ್ಟಿಯ ಕಾಟ ಹಾಗೇ ಇದೆ.

ಟೂಲ್‌ಗಳ ವಿವರಣೆ ಹೇಗೆ ಬರೆಯುತ್ತೀರಿ? ಬರೆದದ್ದು ಸರಿ ಇದೆಯೋ ಇಲ್ಲವೋ ಅಂತ ಅಳೆಯುವುದು ಹೇಗೆ?

---

ಕೋಟೆನಾಡು_ಬ್ಯಾಕೆಂಡ್

ತಮ್ಮಾ, ನಾನು ಚಿತ್ರದುರ್ಗದವನು, ಈಗ ಬೆಂಗಳೂರಲ್ಲಿ ಇದೇ ಕೆಲಸ. ನಿನ್ನ "ಕೋಡ್ ತೆಗೆದು ನೋಡಿದರೇ ಗೊತ್ತಾಗುವುದು" ಅನ್ನೋ ಸಾಲಲ್ಲೇ ಉತ್ತರ ಇದೆ. ನಿನಗೆ ಕೋಡ್ ತೆಗೆಯೋ ಅವಕಾಶ ಇದೆ, ಮಾಡೆಲ್‌ಗೆ ಇಲ್ಲ. ಅದಕ್ಕೆ ಕಾಣೋದು ಮೂರೇ: ಟೂಲ್‌ನ ಹೆಸರು, ವಿವರಣೆ, ಯಾವ ಯಾವ ಇನ್‌ಪುಟ್ ಕೊಡಬೇಕು ಅನ್ನೋ ಸ್ಕೀಮಾ. 2023ರ ಜೂನ್‌ನಲ್ಲಿ ಓಪನ್‌ಎಐ ಫಂಕ್ಷನ್ ಕಾಲಿಂಗ್ (ಮಾಡೆಲ್ ಟೂಲ್ ಕರೆಯೋ ವ್ಯವಸ್ಥೆ) ತಂದಾಗಲೂ ಇಷ್ಟೇ, 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಎಂಸಿಪಿ ಬಿಟ್ಟ ಮೇಲೂ ಮುಖ್ಯವಾಗಿ ಇಷ್ಟೇ. ಆ ಮೂರರಲ್ಲಿ ಬರೆಯದೆ ಇರೋದನ್ನು ಅದು ಊಹೆ ಮಾಡುತ್ತದೆ. ಮೂರು ಟೂಲ್‌ಗೂ "ರೇಟ್ ಕೊಡುತ್ತದೆ" ಅಂತ ಬರೆದರೆ ಚೀಟಿ ಎತ್ತಿದ ಹಾಗೆ ಒಂದನ್ನು ಎತ್ತಿಕೊಳ್ಳುತ್ತದೆ.

ಎಪಿಐ ಡಾಕ್ಯುಮೆಂಟ್ ಬರೆಯೋ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಅದು ಪ್ರೋಗ್ರಾಮರ್‌ಗೆ ಬರೆಯೋದು, ಅವನು ಅರ್ಥ ಆಗದಿದ್ದರೆ ಪಕ್ಕದವನನ್ನು ಕೇಳುತ್ತಾನೆ, ಒಂದು ಸಲ ಓಡಿಸಿ ನೋಡುತ್ತಾನೆ. ಮಂಡಿಗೆ ಇವತ್ತೇ ಸೇರಿದ ಗುಮಾಸ್ತನಿಗೆ ಮಾಲೀಕರು ಬೆಳಿಗ್ಗೆ ಹೇಳಿ ಹೋಗುತ್ತಾರಲ್ಲ, ಹಾಗೆ ಬರಿ. ಸಾಯಂಕಾಲದ ತನಕ ಅವನಿಗೆ ಕೇಳೋಕೆ ಯಾರೂ ಇಲ್ಲ ಅಂತ ಇಟ್ಟುಕೋ. ನಿನ್ನ ರೇಟ್ ಟೂಲ್‌ಗೆ ನಾನಾದರೆ ಹೀಗೆ ಬರೆಯುತ್ತೇನೆ:

"ದಾವಣಗೆರೆ ಎಪಿಎಂಸಿಯಲ್ಲಿ ಒಂದು ಸರಕು ಒಂದು ದಿನ ಮಾರಾಟವಾದ ದರ. ದರ ಯಾವಾಗಲೂ ಕ್ವಿಂಟಲ್‌ಗೆ, ರೂಪಾಯಿಯಲ್ಲಿ, ಚೀಲಕ್ಕೆ ಅಲ್ಲ. ಕನಿಷ್ಠ, ಗರಿಷ್ಠ, ಮೋಡಲ್ (ಹೆಚ್ಚು ವಹಿವಾಟು ನಡೆದ ದರ) ಮೂರೂ ಬರುತ್ತವೆ. ಬೆಂಬಲ ಬೆಲೆ ಇದರಲ್ಲಿ ಇಲ್ಲ, ಅದಕ್ಕೆ ಬೇರೆ ಟೂಲ್ ಇದೆ. ರೈತರು ಬರೀ ಜೋಳ ಅಂದರೆ ಸಾಮಾನ್ಯವಾಗಿ ಮೆಕ್ಕೆಜೋಳ. ಬಿಳಿಜೋಳ, ರೊಟ್ಟಿ ಜೋಳ ಅಂದರೆ ಜೋವಾರ್. ಅನುಮಾನ ಇದ್ದರೆ ಈ ಟೂಲ್ ಕರೆಯುವ ಮುಂಚೆ ರೈತರನ್ನೇ ಕೇಳು. ಆ ದಿನ ವಹಿವಾಟು ಇಲ್ಲದಿದ್ದರೆ ದರ ಬರುವುದಿಲ್ಲ, ಹಿಂದಿನ ವಹಿವಾಟಿನ ದಿನಾಂಕ ಬರುತ್ತದೆ. ಆಗ ಇವತ್ತು ಮಾರುಕಟ್ಟೆ ಇರಲಿಲ್ಲ ಅಂತ ಹೇಳು."

ಇದರಲ್ಲಿ ಟೂಲ್ ಏನು ಮಾಡುತ್ತದೆ ಅನ್ನೋದು ಒಂದೇ ವಾಕ್ಯ. ಉಳಿದದ್ದೆಲ್ಲ ಏನು ಮಾಡೋಲ್ಲ, ಯಾವಾಗ ಕರೆಯಬಾರದು, ಬಂದ ಅಂಕಿಯ ಅರ್ಥ ಏನು ಅನ್ನೋದು. ಜನ ಬರೆಯದೆ ಬಿಡೋದು ಅದನ್ನೇ. ಅದರಲ್ಲೂ ಯೂನಿಟ್. ಒಬ್ಬರ ಚೀಲ ಒಂದು ತೂಕ, ಇನ್ನೊಬ್ಬರದು ಇನ್ನೊಂದು. "50 ಚೀಲ ಐತೆ ಎಷ್ಟಾಗುತ್ತೆ" ಅಂತ ರೈತರು ಕೇಳಿದ ದಿನ ನಿನ್ನ ಏಜೆಂಟ್ ಚೀಲವನ್ನೇ ಕ್ವಿಂಟಲ್ ಅಂದುಕೊಂಡು ಗುಣಿಸುತ್ತದೆ, ನೋಡುತ್ತಿರು.

ರಜೆ ದಿನದ್ದು ವಿವರಣೆಯ ತಪ್ಪಲ್ಲ, ಟೂಲ್ ವಾಪಸ್ ಕೊಟ್ಟದ್ದರ ತಪ್ಪು. ಖಾಲಿ ಲಿಸ್ಟ್ ಅಂದರೆ ರಜೆಯಾ, ಸರಕಿನ ಕೋಡ್ ತಪ್ಪಾ, ಸರ್ವರ್ ಬಿದ್ದಿದೆಯಾ? ಮನುಷ್ಯನಿಗೂ ಗೊತ್ತಾಗೋಲ್ಲ. ಎರರ್ ಕೋಡ್ 400 ಅಂತ ಬಿಸಾಕುವ ಬದಲು "ಈ ಕೋಡ್ ಇಲ್ಲ, ಮೇಜ್ (ಮೆಕ್ಕೆಜೋಳ) ಅಥವಾ ಜೋವಾರ್ ಕೊಡು" ಅಂತ ವಾಕ್ಯದಲ್ಲಿ ಕೊಡು. ಎರರ್ ಮೆಸೇಜ್ ಕೂಡ ಡಾಕ್ಯುಮೆಂಟೇ. ಮಾಡೆಲ್ ಅದನ್ನು ಓದಿ ಮುಂದಿನ ಹೆಜ್ಜೆ ಇಡುತ್ತದೆ.

ಎರಡು ಪಟ್ಟಿಯ ವಿಷಯ: ದಯವಿಟ್ಟು "ಎರಡು ಸಲ ಕರೆಯಬೇಡ" ಅಂತ ವಿವರಣೆಯಲ್ಲಿ ಬರೆದು ಕೈ ತೊಳೆದುಕೊಳ್ಳಬೇಡ. ಲಾಟ್ ನಂಬರ್ ಇಟ್ಟುಕೊಂಡು, ಆ ಲಾಟ್‌ಗೆ ಪಟ್ಟಿ ಆಗಲೇ ಇದ್ದರೆ ಹಳೆಯದನ್ನೇ ವಾಪಸ್ ಕೊಡೋ ಹಾಗೆ ಕೋಡ್ ಬರಿ. ಹತ್ತು ಸಲ ಕರೆದರೂ ಒಂದೇ ಪಟ್ಟಿ ಇರಬೇಕು. ದುಡ್ಡಿನ ವಿಷಯದಲ್ಲಿ ಮಾತಿನ ಮೇಲೆ ನಂಬಿಕೆ ಇಡಬಾರದು.

---

ನಿಟ್ಟುವಳ್ಳಿ_ಬೈಟ್

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ 23 ಟೂಲ್‌ಗೂ ಇಷ್ಟುದ್ದ ಬರೆದರೆ ಪುರಾಣ ಆಗುತ್ತದೆ ಗುರೂ. ನನ್ನ ಮಾತು ಬೇರೆ: ಮೊದಲು ಟೂಲ್ ಕಡಿಮೆ ಮಾಡಿ, ಆಮೇಲೆ ವಿವರಣೆ ಬರೆಯಿರಿ.

ಸಾಮಾನ್ಯವಾಗಿ ನೀವು ಕೊಟ್ಟ ಪ್ರತಿ ಟೂಲ್‌ನ ವಿವರಣೆ ಪ್ರತಿ ಸಲ ಮಾಡೆಲ್‌ನ ಕಾಂಟೆಕ್ಸ್ಟ್ (ಉತ್ತರಿಸುವ ಮುಂಚೆ ಅದು ಓದುವ ಪಠ್ಯ) ಒಳಗೆ ಹೋಗುತ್ತದೆ. ರೈತರು "ನಮಸ್ಕಾರ" ಅಂತ ಕಳಿಸಿದರೂ ಹೋಗುತ್ತದೆ. ಟೋಕನ್ (ಮಾಡೆಲ್ ಓದುವ ಪಠ್ಯದ ತುಣುಕು) ಲೆಕ್ಕದ ದುಡ್ಡು ಒಂದು ಕಡೆ, ಗೊಂದಲ ಇನ್ನೊಂದು ಕಡೆ. ಗೊಂಚಲಲ್ಲಿ 23 ಬೀಗದ ಕೈ ಇದ್ದರೆ ಕತ್ತಲಲ್ಲಿ ಸರಿಯಾದ್ದು ಸಿಗುತ್ತದಾ? ನಿಮ್ಮ ಮೂರು ರೇಟ್ ಟೂಲ್ ಒಂದೇ ಆಗಬೇಕು. ರೈತನನ್ನು ಹುಡುಕು, ಅವನ ಲಾಟ್ ಹುಡುಕು, ಲಾಟ್‌ನ ಟೆಂಡರ್ ನೋಡು ಅಂತ ಮೂರು ಇರುತ್ತವೆ, ಬರೆದಿಟ್ಟುಕೊಳ್ಳಿ. ಫೋನ್ ನಂಬರ್ ಕೊಟ್ಟರೆ ಲಾಟ್, ಟೆಂಡರ್, ತೂಕ, ತೇವಾಂಶ ಎಲ್ಲ ಒಟ್ಟಿಗೆ ಕೊಡುವ ಒಂದೇ ಟೂಲ್ ಸಾಕು. ರೈತ ಕೇಳುವ ಪ್ರಶ್ನೆಯ ಆಕಾರಕ್ಕೆ ಟೂಲ್ ಇರಲಿ, ನಿಮ್ಮ ಡೇಟಾಬೇಸ್ ಟೇಬಲ್‌ನ ಆಕಾರಕ್ಕೆ ಅಲ್ಲ. ನಾವು ಇನ್ನೊಂದು ಕಡೆ ಹೀಗೆ 17 ಇದ್ದದ್ದನ್ನು 6ಕ್ಕೆ ಇಳಿಸಿದೆವು, ವಿವರಣೆ ಹೆಚ್ಚು ಮುಟ್ಟದೆಯೇ ಅರ್ಧ ತಲೆನೋವು ಹೋಯಿತು.

ಇನ್ನೊಂದು ಮಾತು. ಒಂದು ಲಾಟ್ ಕೇಳಿದರೆ 40 ಕಾಲಂ ಇರುವ ಜೆಸನ್ ಡೇಟಾ ಕೊಡಬೇಡಿ. ಅದರಲ್ಲಿ ಅರ್ಧ 'ಅಪ್‌ಡೇಟೆಡ್_ಬೈ', 'ಬ್ರಾಂಚ್_ಐಡಿ' ಅಂತ ಕಸ ಇರುತ್ತದೆ. ಐಡಿ ಬದಲು ಹೆಸರು ಕೊಟ್ಟರೆ ಮಾಡೆಲ್ ತಪ್ಪುವುದು ಕಡಿಮೆ.

ವಿವರಣೆ ಕನ್ನಡದಲ್ಲಿ ಬರೆಯಬೇಕಾ ಇಂಗ್ಲಿಷ್‌ನಲ್ಲಾ ಅಂತ ಇಲ್ಲಿ ಜಗಳ ಶುರುವಾಗುವ ಮುಂಚೆ ಹೇಳಿಬಿಡುತ್ತೇನೆ. ಈಗಿರುವ ಹೆಚ್ಚಿನ ಮಾಡೆಲ್‌ಗಳಲ್ಲಿ ಅದೇ ವಿಷಯಕ್ಕೆ ಕನ್ನಡ ಅಕ್ಷರ ಜಾಸ್ತಿ ಟೋಕನ್ ತಿನ್ನುತ್ತದೆ. ನಾನು ವಿವರಣೆ ಇಂಗ್ಲಿಷ್‌ನಲ್ಲಿ ಬರೆಯುತ್ತೇನೆ, ಆದರೆ ರೈತರು ಬಳಸುವ ಮಾತನ್ನು ಕನ್ನಡದಲ್ಲೇ, ಅವರು ಬರೆಯುವ ಹಾಗೇ ಒಳಗೆ ಸೇರಿಸುತ್ತೇನೆ: ಗೋವಿನಜೋಳ, ಮೆಕ್ಕೆಜೋಳ, ಮುಸುಕಿನ ಜೋಳ. ಅಡಿಕೆಯಾದರೆ ರಾಶಿ, ಬೆಟ್ಟೆ, ಗೊರಬಲು. ಚನ್ನಗಿರಿ ಕಡೆಯವರು ರಾಶಿ ಅಂದರೆ ಗುಡ್ಡೆ ಅಂತ ಮಾಡೆಲ್ ತಿಳಿದುಕೊಂಡರೆ ಏನು ಗತಿ!

---

ಮಂಡಿಪೇಟೆ_ಹುಡುಗ

ಅಣ್ಣಾವರೇ ಇಬ್ಬರಿಗೂ ಶರಣು. ಲಾಟ್‌ಗೆ ಸಂಬಂಧಪಟ್ಟದ್ದು ನಮ್ಮಲ್ಲಿ ಮೂರಲ್ಲ, ಐದಿವೆ :( ಈ ವಾರ ಕೂತು ಒಂದು ಮಾಡುತ್ತೇವೆ.

ಆದರೆ ಎರಡನೇ ಪ್ರಶ್ನೆ ಹಾಗೇ ಉಳಿಯಿತು. ನಾನು ವಿವರಣೆ ಬದಲಿಸಿ, ನಾಲ್ಕು ಪ್ರಶ್ನೆ ಕೇಳಿ, ಸರಿ ಬಂತು ಅಂತ ಖುಷಿಪಡುತ್ತೇನೆ. ಮಾರನೇ ದಿನ ಅದೇ ಪ್ರಶ್ನೆಗೆ ತಪ್ಪು ಉತ್ತರ. ಮಾಲೀಕರು "ನೂರಕ್ಕೆ ಎಷ್ಟು ಸರಿ ಹೇಳುತ್ತದೆ, ಒಂದು ನಂಬರ್ ಹೇಳಪ್ಪ" ಅಂತ ಕೂತಿದ್ದಾರೆ. ಏನು ಹೇಳಲಿ?

---

ಟೆಸ್ಟಿಂಗ್_ಅಕ್ಕ

ನೀವು ಮಾಡುತ್ತಿರುವುದು ಟೆಸ್ಟ್ ಅಲ್ಲ, ಶಕುನ ನೋಡುವುದು :) ನಾನೂ ದಾವಣಗೆರೆಯವಳೇ, ಒಂಬತ್ತು ವರ್ಷದಿಂದ ಟೆಸ್ಟಿಂಗ್‌ನಲ್ಲಿದ್ದೇನೆ, ಈಗ ಮನೆಯಿಂದಲೇ ಕೆಲಸ.

ಮೊದಲು ಪ್ರಶ್ನೆಗಳನ್ನು ನೀವೇ ಕೂತು ಬರೆಯಬೇಡಿ. ನೀವು ಬರೆದರೆ "ದಯವಿಟ್ಟು ಇಂದಿನ ಮೆಕ್ಕೆಜೋಳದ ದರ ತಿಳಿಸಿ" ಅಂತ ಬರೆಯುತ್ತೀರಿ. ಜಗತ್ತಿನಲ್ಲಿ ಯಾವ ರೈತರೂ ಹಾಗೆ ಕಳಿಸುವುದಿಲ್ಲ. ಮಾಲೀಕರ ಮಗನ ಹಳೆಯ ವಾಟ್ಸಾಪ್‌ನಿಂದ, ಅವರ ಒಪ್ಪಿಗೆ ಪಡೆದು, ಹೆಸರು ನಂಬರ್ ತೆಗೆದುಹಾಕಿ, ಐವತ್ತು ಅರವತ್ತು ನಿಜವಾದ ಮೆಸೇಜ್ ತೆಗೆಯಿರಿ. ಕಂಗ್ಲಿಷ್‌ನಲ್ಲಿ ಬಂದದ್ದು, ಕಾಗುಣಿತ ತಪ್ಪಿದ್ದು, ಎರಡು ಪ್ರಶ್ನೆ ಒಂದರಲ್ಲೇ ಇರುವುದು, ಬರೀ "ರೇಟ್?" ಅಂತ ಇರುವುದು, ಎಲ್ಲ ಇರಲಿ. ಅದರಲ್ಲಿ ಮೂರನೇ ಒಂದು ಭಾಗ ಬೇರೆ ಫೈಲ್‌ನಲ್ಲಿ ಮುಚ್ಚಿಡಿ. ವಿವರಣೆ ತಿದ್ದುವಾಗ ಅದನ್ನು ನೋಡಲೇಬೇಡಿ, ಕೊನೆಗೆ ಮಾತ್ರ ಓಡಿಸಿ. ಇಲ್ಲದಿದ್ದರೆ ಪ್ರಶ್ನೆಪತ್ರಿಕೆ ನೋಡಿಕೊಂಡು ಓದಿದ ಹಾಗೆ ಆಗುತ್ತದೆ.

ಯಾವ ಟೂಲೂ ಕರೆಯಬಾರದ ಪ್ರಶ್ನೆಗಳನ್ನು ಮರೆಯಬೇಡಿ. "ಈ ವರ್ಷ ಮಳೆ ಹೆಂಗೈತೆ", "ಅಣ್ಣ ಆರಾಮಾ" ಇಂಥವು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು 2024ರಿಂದ ನಡೆಸುತ್ತಿರುವ ಫಂಕ್ಷನ್ ಕಾಲಿಂಗ್ ಲೀಡರ್‌ಬೋರ್ಡ್‌ನಲ್ಲೂ ಇಂಥ ಭಾಗ ಇದೆ, ಕೊಟ್ಟ ಟೂಲ್‌ಗಳಲ್ಲಿ ಯಾವುದೂ ಹೊಂದದಿದ್ದಾಗ ಮಾಡೆಲ್ ಸುಮ್ನಿರುತ್ತದಾ ಅಂತ ನೋಡುತ್ತಾರೆ.

ಏನನ್ನು ಸರಿ ಅನ್ನಬೇಕು? ಇಲ್ಲಿ ಎಲ್ಲರೂ ಎಡವುತ್ತಾರೆ. ಏಜೆಂಟ್ "ಪಟ್ಟಿ ಮಾಡಿದ್ದೇನೆ" ಅಂತ ಚೆಂದವಾಗಿ ಹೇಳಿದ್ದನ್ನು ನೋಡಿ ಟಿಕ್ ಹಾಕಬೇಡಿ. ಡೇಟಾಬೇಸ್ ನೋಡಿ. ಆ ಲಾಟ್‌ಗೆ ಒಂದೇ ಪಟ್ಟಿ ಇದೆಯಾ, ಮೊತ್ತ ಸರಿ ಇದೆಯಾ, ಬೇರೆ ಯಾವುದಾದರೂ ಸಾಲು ಬದಲಾಗಿದೆಯಾ. 2024ರಲ್ಲಿ ಸಿಯೆರಾ ಕಂಪನಿಯವರು ಟೌ-ಬೆಂಚ್ ಅಂತ ಒಂದು ಬೆಂಚ್‌ಮಾರ್ಕ್ (ಏಜೆಂಟ್‌ಗಳನ್ನು ಅಳೆಯುವ ಪರೀಕ್ಷೆ) ತಂದರು, ಅಂಗಡಿ ಮತ್ತು ವಿಮಾನ ಟಿಕೆಟ್ ಗ್ರಾಹಕರ ಜೊತೆ ಏಜೆಂಟ್ ಮಾತಾಡುವುದು ಅದರ ವಿಷಯ. ಅವರೂ ಸಂಭಾಷಣೆ ಮುಗಿದ ಮೇಲೆ ಡೇಟಾಬೇಸ್ ಹೇಗಿರಬೇಕಿತ್ತೋ ಹಾಗಿದೆಯಾ ಅಂತಲೇ ಹೋಲಿಸುತ್ತಾರೆ.

ನಿಮ್ಮ "ಮಾರನೇ ದಿನ ತಪ್ಪು" ಅನ್ನುವುದಕ್ಕೆ ಉತ್ತರವೂ ಅಲ್ಲೇ ಇದೆ. ಒಂದು ಪ್ರಶ್ನೆಯನ್ನು ಒಂದೇ ಸಲ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ಎಂಟು ಸಲ ಓಡಿಸಿ, ಎಂಟೂ ಸಲ ಸರಿ ಬಂದರೆ ಮಾತ್ರ ಪಾಸ್ ಅನ್ನಿ. ಒಂದು ಸಲಕ್ಕೆ ನೂರಕ್ಕೆ 90 ಸರಿ ಬರುವ ಏಜೆಂಟ್, ಎಂಟೂ ಸಲ ಸರಿ ಬರುವ ಸಾಧ್ಯತೆ ನೂರಕ್ಕೆ 43 ಅಷ್ಟೇ. ಕ್ಯಾಲ್ಕುಲೇಟರ್‌ನಲ್ಲಿ 0.9 ಅನ್ನು ಎಂಟು ಸಲ ಗುಣಿಸಿ ನೋಡಿ. ಆ ಬೆಂಚ್‌ಮಾರ್ಕ್ ಬಂದಾಗ ಓಪನ್‌ಎಐನ ಜಿಪಿಟಿ-4ಓ ಮಾಡೆಲ್ ಕೂಡ ಅಂಗಡಿ ಭಾಗದಲ್ಲಿ ಎಂಟಕ್ಕೆ ಎಂಟು ಲೆಕ್ಕದಲ್ಲಿ ನೂರಕ್ಕೆ 25ರ ಒಳಗೇ ಇತ್ತು. ಮಾಲೀಕರಿಗೆ 90 ಅಂದರೆ ಫಸ್ಟ್ ಕ್ಲಾಸ್ ಅನ್ನಿಸುತ್ತದೆ. ದಿನಕ್ಕೆ 100 ಮೆಸೇಜ್ ಬರುವ ಅಂಗಡಿಯಲ್ಲಿ ಅದು ಹತ್ತು ಜನರ ಜೊತೆ ಜಗಳ. ಹಾಗೇ ಹೇಳಿ ಅವರಿಗೆ.

ಉತ್ತರ ತಪ್ಪಿದಾಗ ನಂಬರ್ ನೋಡಿ ಬೇಜಾರಾಗುವ ಬದಲು ಲಾಗ್ ಓದಿ. ಯಾವ ಟೂಲ್ ಕರೆಯಿತು, ಏನು ಇನ್‌ಪುಟ್ ಕೊಟ್ಟಿತು, ಏನು ವಾಪಸ್ ಬಂತು, ಎಷ್ಟು ಸಲ ಕರೆಯಿತು. ಟೂಲ್ ಆರಿಸುವುದರಲ್ಲೇ ತಪ್ಪಿದರೆ ಹೆಸರು ಅಥವಾ ವಿವರಣೆ ನೋಡಿ. ಟೂಲ್ ಸರಿ, ಇನ್‌ಪುಟ್ ತಪ್ಪು ಅಂದರೆ ಸ್ಕೀಮಾ. ಎರಡೂ ಸರಿ ಇದ್ದು ಉತ್ತರ ತಪ್ಪಿದರೆ ವಾಪಸ್ ಬಂದ ಡೇಟಾದಲ್ಲಿ ಏನೋ ಗೊಂದಲ ಇದೆ. ನನ್ನ ಅನುಭವದಲ್ಲಿ ಲಾಗ್ ಓದುವುದು ಬೇಸರದ ಕೆಲಸ, ಹುಡುಗರು ತಪ್ಪಿಸಿಕೊಳ್ಳುತ್ತಾರೆ. ಆದರೆ ಅರ್ಧ ದಿನ ಕೂತು ಓದಿದಷ್ಟು ಬೇರೆ ಯಾವುದೂ ಕಲಿಸುವುದಿಲ್ಲ.

ಒಂದು ಸಲಕ್ಕೆ ಒಂದೇ ವಿವರಣೆ ಬದಲಿಸಿ. ನಾಲ್ಕು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ, ಬೆಣ್ಣೆದೋಸೆಗೆ ಹಾಕುವ ಮಂಡಕ್ಕಿ, ಉದ್ದು, ಬೆಣ್ಣೆ ಮೂರನ್ನೂ ಒಂದೇ ದಿನ ಬದಲಿಸಿದ ಹಾಗೆ. ಮಾಡೆಲ್ ಬದಲಿಸಿದಾಗ ಪೂರ್ತಿ ಮತ್ತೆ ಓಡಿಸಿ. ಉತ್ತರ ಸರಿಯಾ ಅಂತ ನೋಡಲು ಇನ್ನೊಂದು ಮಾಡೆಲ್ ಇಡುವವರಿದ್ದಾರೆ. ಮಾತಿನ ಧಾಟಿ ನೋಡಲು ಪರವಾಗಿಲ್ಲ. ರೂಪಾಯಿ ಸರಿಯಾ ಅಂತ ನೋಡುವುದನ್ನು ಕೋಡ್‌ಗೇ ಬಿಡಿ.

---

ಹರಿಹರ_ಸೇತುವೆ

ಅಕ್ಕ ಹೇಳಿದ ಮೇಲೆ ನನಗೆ ಉಳಿದದ್ದು ಒಂದೇ. ಆ 23ರಲ್ಲಿ 'ಡಿಲೀಟ್' ಅಂತ ಏನಾದರೂ ಇದೆಯಾ ಮಾರಾಯ? ಇದ್ದರೆ ಇವತ್ತೇ ತೆಗಿ. ಎಂಸಿಪಿಯಲ್ಲಿ ಟೂಲ್ ಮೇಲೆ 'ಇದು ಓದಲು ಮಾತ್ರ', 'ಇದು ಅಳಿಸುತ್ತದೆ' ಅಂತ ಗುರುತು ಹಾಕೋ ವ್ಯವಸ್ಥೆ ಇದೆ, ಆದರೆ ಅದು ಸುಳಿವು ಮಾತ್ರ, ಬೀಗ ಅಲ್ಲ. ಬರೆದವನು ಸುಳ್ಳು ಗುರುತೂ ಹಾಕಬಹುದು. ಅಳಿಸೋದು, ದುಡ್ಡು ಬದಲಿಸೋದು ಇದ್ದರೆ ಮಾಲೀಕರ ಮಗ ಫೋನಲ್ಲಿ ಸರಿ ಅಂತ ಒತ್ತಿದ ಮೇಲೇ ಆಗಬೇಕು.

ಇನ್ನು ಎಲ್ಲೋ ಸಿಕ್ಕಿದ ಎಂಸಿಪಿ ಸರ್ವರ್ ತಂದು ಸೇರಿಸೋ ಮುಂಚೆ ಅದರ ವಿವರಣೆಗಳನ್ನು ಪೂರ್ತಿ ಓದು. ವಿವರಣೆ ಮಾಡೆಲ್‌ಗೆ ನೇರ ಹೋಗುತ್ತದೆ. ಅದರೊಳಗೆ "ಗ್ರಾಹಕರ ಲಿಸ್ಟ್ ಇಲ್ಲಿಗೂ ಕಳಿಸು" ಅಂತ ಒಂದು ಸಾಲು ತೂರಿಸಿದರೆ ಮಾಡೆಲ್ ಅದನ್ನೂ ಆಜ್ಞೆ ಅಂತಲೇ ತಿಳಿಯಬಹುದು. ಟೂಲ್ ಪಾಯ್ಸನಿಂಗ್ ಅಂತ ಕರೆಯೋದು ಇದನ್ನೇ. ರೈತರ ಮೆಸೇಜ್‌ನಲ್ಲೂ ಇದೇ ಆಟ ಆಡಬಹುದು. ಒಂದೆರಡು ಅಂಥ ಮೆಸೇಜನ್ನೂ ಅಕ್ಕನ ಲಿಸ್ಟ್‌ಗೆ ಸೇರಿಸು.

---

ಮಂಡಿಪೇಟೆ_ಹುಡುಗ

ಎರಡು ವಾರ ಆಯಿತು, ಏನಾಯಿತು ಅಂತ ಹೇಳದೆ ಹೋದರೆ ಪಾಪ ಬರುತ್ತದೆ.

23 ಇದ್ದದ್ದು 8 ಆಗಿದೆ. ಡಿಲೀಟ್ ಇತ್ತು, ತೆಗೆದೆವು, ಯಾರು ಯಾಕೆ ಹಾಕಿದ್ದರೋ. ಪಟ್ಟಿ ಟೂಲ್‌ಗೆ ಲಾಟ್ ನಂಬರ್ ಕಾವಲು ಹಾಕಿದ ಮೇಲೆ ಎರಡು ಪಟ್ಟಿ ಬಂದಿಲ್ಲ. ಬೇಕಂತಲೇ ಟೈಮ್‌ಔಟ್ ಮಾಡಿ ನೋಡಿದೆವು, ಆಗಲೂ ಬರಲಿಲ್ಲ. 60 ಮೆಸೇಜ್ ಕಲೆ ಹಾಕಿ, 20 ಮುಚ್ಚಿಟ್ಟು, ಎಂಟೆಂಟು ಸಲ ಓಡಿಸಿದೆವು. ಹಳೆಯ ವಿವರಣೆಯಲ್ಲಿ ಆ ಮುಚ್ಚಿಟ್ಟ 20ರಲ್ಲಿ ಎಂಟಕ್ಕೆ ಎಂಟು ಸರಿ ಬಂದದ್ದು 7, ಹೊಸದರಲ್ಲಿ 15. ಉಳಿದ 5ರಲ್ಲಿ 3 ಚೀಲದ ಲೆಕ್ಕ. ಕೋಟೆನಾಡು ಅಣ್ಣ ಹೇಳಿದ ಹಾಗೇ ಆಯಿತು, ಚೀಲವನ್ನೇ ಕ್ವಿಂಟಲ್ ಮಾಡಿ ಗುಣಿಸಿತ್ತು. ಚೀಲದ ತೂಕ ಅಂತ ಬೇರೆ ಇನ್‌ಪುಟ್ ಕಡ್ಡಾಯ ಮಾಡುತ್ತಿದ್ದೇವೆ, ಕೊಡದೆ ಮುಂದೆ ಹೋಗಲು ಬರುವುದಿಲ್ಲ. ಮಾಲೀಕರಿಗೆ 75 ಅಂದೆ. ಮುಖ ಸಣ್ಣ ಮಾಡಿಕೊಂಡರು, ಆದರೆ ಹಳೆಯದು 35 ಅಂದಾಗ ಚಹಾ ತರಿಸಿದರು.

ಹೊಸ ತಲೆನೋವು ಒಂದು. "ಅನುಮಾನ ಇದ್ದರೆ ಕೇಳು" ಅಂತ ಬರೆದೆವಲ್ಲ, ಈಗ ಎಲ್ಲದಕ್ಕೂ ಕೇಳುತ್ತದೆ. ಮಾಲೀಕರೇ ಪರೀಕ್ಷೆ ಮಾಡೋಣ ಅಂತ "ಜೋಳ ಎಷ್ಟಾತು" ಅಂತ ಕಳಿಸಿದ್ದಾರೆ. "ಯಾವ ಜೋಳ ಸರ್, ಮೆಕ್ಕೆಜೋಳವಾ ಬಿಳಿಜೋಳವಾ?" ಅಂತ ಕೇಳಿದೆ. ಮೂವತ್ತು ವರ್ಷದಿಂದ ಮೆಕ್ಕೆಜೋಳ ಬಿಟ್ಟು ಬೇರೆ ಮುಟ್ಟದ ಮನುಷ್ಯ, ನನಗೆ ಫೋನ್ ಮಾಡಿ ಬೈದರು.

---

ಟೆಸ್ಟಿಂಗ್_ಅಕ್ಕ

ಕೇಳಬಾರದ ಕಡೆ ಕೇಳಿದ್ದೂ ಫೇಲೇ. ಅವರ ಮೆಸೇಜನ್ನು 61ನೇ ಪ್ರಶ್ನೆ ಮಾಡಿ. "ಅನುಮಾನ ಇದ್ದರೆ" ಅನ್ನುವುದನ್ನು ಬಿಡಿಸಿ ಬರೆಯಿರಿ: ಬರೀ ಜೋಳ ಅಂದರೆ ಮೆಕ್ಕೆಜೋಳದ ದರ ಕೊಡು, ಉತ್ತರದಲ್ಲಿ ಮೆಕ್ಕೆಜೋಳ ಅಂತ ಹೆಸರು ಹಾಕು, ಕೇಳಬೇಡ. ಎಂಟು ಸಲ ಓಡಿಸಿ ಹೇಳಿ. ಬಿಳಿಜೋಳದ ಪ್ರಶ್ನೆಗಳು ಕೆಟ್ಟಿಲ್ಲವಾ ಅಂತಲೂ ನೋಡಿ.